ರೋಬೋ ಬ್ಯಾಟರಿಯಿಂದಲೇ ಕಂಪ್ಯೂಟರ್ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ರೋಬೋ ಕಟ್ಟುವವರು, ಮಂಡ್ಯ ಕಡೆ ಕಬ್ಬಿನ ಸಾಲಿನೊಳಗೆ ಕ್ಯಾಮೆರಾ ಹೊತ್ತು ಓಡಾಡುವ ಬಂಡಿ ಮಾಡುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಪ್ರೋಗ್ರಾಂನಲ್ಲೇ ದೋಷವಿದೆ ಎಂದು ವಾರಗಟ್ಟಲೆ ಕೋಡ್ ತಡಕಿದ ಮೇಲೆ ಕೊನೆಗೆ ಒಂದು ತೆಳ್ಳನೆ ವೈರು ಸಿಕ್ಕಿಬೀಳುವುದು ಈ ಕೆಲಸದಲ್ಲಿ ಮಾಮೂಲು. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಮೋಟಾರು ಜಗ್ಗುತ್ತಿರುವಾಗ ಕಂಪ್ಯೂಟರಿನ ಪಿನ್ನಿನಲ್ಲಿ ಎಷ್ಟು ವೋಲ್ಟೇಜ್ ನಿಂತಿದೆ ಅನ್ನುವುದೇ ಲೆಕ್ಕ. ಬ್ಯಾಟರಿಯ ಲೇಬಲ್ಲು, ಮಾಡ್ಯೂಲಿನ ಡಿಸ್‌ಪ್ಲೇ ಎಲ್ಲ ಆಮೇಲಿನ ಮಾತು.

## ಶುರು ಮಾಡುವವರಿಗೆ

ಬ್ಯಾಟರಿ 12 ವೋಲ್ಟು, ರಾಸ್ಪ್‌ಬೆರಿ ಪೈಗೆ ಬೇಕಿರೋದು 5 ವೋಲ್ಟು. ನಡುವೆ ಏನು ಹಾಕ್ಬೇಕು?

ಪೈ ಎಂದರೆ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್; ಮುಂದೆ ಬರುವ ಪೈ 4, ಪೈ 5 ಅದರ ಮಾದರಿಗಳು. ನಡುವೆ ಬಕ್ ಕನ್ವರ್ಟರ್ ಹಾಕಬೇಕು. ಹೆಚ್ಚಿನ ವೋಲ್ಟೇಜನ್ನು ವೇಗವಾಗಿ ಆನ್-ಆಫ್ ಮಾಡುತ್ತಾ ಇಳಿಸಿಕೊಡುವ ಪುಟ್ಟ ಬೋರ್ಡ್ ಅದು. ನೂರಕ್ಕೆ 80ರಿಂದ 90 ಭಾಗ ಶಕ್ತಿ ಕಂಪ್ಯೂಟರಿಗೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ.

ಲ್ಯಾಬಿನಲ್ಲಿ ಸುಲಭಕ್ಕೆ ಸಿಗುವ, ವೋಲ್ಟೇಜ್ ಇಳಿಸುವ 7805 ಐಸಿ ಇಲ್ಲಿ ಕೆಲಸಕ್ಕೆ ಬಾರದು. 12ರಿಂದ 5ಕ್ಕೆ ಇಳಿಯುವ 7 ವೋಲ್ಟನ್ನೂ ಅದು ಬಿಸಿ ಮಾಡಿಯೇ ಕಳೆಯಬೇಕು. ಪೈ ಮೂರು ಆಂಪ್ ಎಳೆದರೆ 21 ವ್ಯಾಟ್ ಬಿಸಿ, ಅಂದರೆ ಒಂದು ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು. ಅದೂ ಅಲ್ಲದೆ ಆ ಐಸಿಯ ಮಿತಿಯೇ ಸುಮಾರು 1 ಆಂಪ್.

ನಮ್ ಮಿನಿ ಪಿಸಿ 12 ವೋಲ್ಟಿಂದೇ. ಹಂಗಾದ್ರೆ ಬ್ಯಾಟರಿಗೆ ನೇರವಾಗಿ ಸಿಕ್ಕಿಸ್ಬೋದಲ್ವಾ ಸಾರ್?

ಬೇಡ. ‘12 ವೋಲ್ಟ್ ಬ್ಯಾಟರಿ’ ಎಂಬುದು ಹೆಸರು ಮಾತ್ರ. ಮೂರು ಸೆಲ್ ಸರಣಿಯ ಲಿಥಿಯಂ ಅಯಾನ್ ಪ್ಯಾಕ್ ತುಂಬಿದಾಗ 12.6 ವೋಲ್ಟ್, ಬರಿದಾಗುವಾಗ 9. ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಚಾರ್ಜ್ ಆಗುವಾಗ 14.6ರವರೆಗೆ ಏರಿ, ಕೊನೆಗೆ 10ಕ್ಕೆ ಬರುತ್ತದೆ. ಲೆಡ್ ಆಸಿಡ್ ಚಾರ್ಜರಿನಲ್ಲಿ 14.4, ಸುಮ್ಮನಿಟ್ಟಾಗ 12.7, ಅರ್ಧ ಖಾಲಿಯಾದಾಗ ಹೆಚ್ಚುಕಡಿಮೆ 12.2. ಅಡಾಪ್ಟರಿನ ಜೊತೆ ಬರುವ ಅನೇಕ ಮಿನಿ ಪಿಸಿಗಳು 12ರ ಮೇಲೆ ಕೆಳಗೆ ಬಹಳ ಹೋದರೆ ಒಪ್ಪುವುದಿಲ್ಲ. ಮೋಟಾರು ಶುರುವಾದ ಗಳಿಗೆಯಲ್ಲಿ 10ಕ್ಕೆ ಕುಸಿದರೆ ಆಫ್ ಆಗುತ್ತವೆ.

ಇಲ್ಲಿ ಬೇಕಿರುವುದು ಬಕ್-ಬೂಸ್ಟ್ ಮಾಡ್ಯೂಲು. ಒಳಬರುವುದು 9 ಇರಲಿ, 15 ಇರಲಿ, ಹೊರಗೆ 12 ಕೊಡುತ್ತದೆ. ಬರೀ ಬಕ್ ಕನ್ವರ್ಟರಿಗೆ ಒಳಗಿನ ವೋಲ್ಟೇಜ್ ಹೊರಗಿನದಕ್ಕಿಂತ ಹೆಚ್ಚಿರಲೇಬೇಕು. 12 ಕೊಟ್ಟು 12 ಕೇಳಿದರೆ ಬರುವುದು 11 ಅಷ್ಟೆ.

ಎಷ್ಟು ಆಂಪಿನ ಕನ್ವರ್ಟರ್ ತರ್ಬೇಕು ಅಂತ ಲೆಕ್ಕ ಹಾಕೋದು ಹೆಂಗೆ?

ವ್ಯಾಟ್‌ಗಳಲ್ಲಿ ಕೂಡಿಸಿ, ಕೊನೆಯಲ್ಲಿ ಆಂಪಿಗೆ ಬನ್ನಿ. ಪೈ 4 ಪೂರ್ತಿ ದುಡಿಯುವಾಗ ಸುಮಾರು 7 ವ್ಯಾಟ್. ಯುಎಸ್‌ಬಿ ಕ್ಯಾಮೆರಾ ಒಂದಕ್ಕೆ 2.5, ಸಣ್ಣ ಲೈಡಾರಿಗೆ (ಲೇಸರಿನಿಂದ ದೂರ ಅಳೆಯುವ ಸೆನ್ಸರ್) 2.5 ಎಂದಿಟ್ಟುಕೊಳ್ಳಿ. ಒಟ್ಟು 12 ವ್ಯಾಟ್, 5 ವೋಲ್ಟಿನಲ್ಲಿ 2.4 ಆಂಪ್. ಇದರ ಮೇಲೆ ಮೂರನೇ ಒಂದರಷ್ಟು ಉಳಿಕೆ ಇಡಿ: 3.2 ಆಂಪ್. ಆಗ ಪೆಟ್ಟಿಗೆ ಮೇಲೆ 5 ಆಂಪ್ ಎಂದು ಬರೆದಿರುವ ಮಾಡ್ಯೂಲ್ ಸರಿಹೋಗುತ್ತದೆ, 3 ಆಂಪಿನದು ಸಾಲದು.

ಬ್ಯಾಟರಿ ಕಡೆಯ ಲೆಕ್ಕ ಬೇರೆ. 12 ವ್ಯಾಟನ್ನು 0.85ರಿಂದ ಭಾಗಿಸಿದರೆ ಸುಮಾರು 14 ವ್ಯಾಟ್, ಅದನ್ನು 11.1 ವೋಲ್ಟಿನಿಂದ ಭಾಗಿಸಿದರೆ ಹೆಚ್ಚುಕಡಿಮೆ 1.3 ಆಂಪ್. ಬ್ಯಾಟರಿಯಿಂದ ಕನ್ವರ್ಟರ್‌ವರೆಗೆ ಹರಿಯುವ ಕರೆಂಟು ಕಡಿಮೆ, ಕನ್ವರ್ಟರಿನಿಂದ ಕಂಪ್ಯೂಟರಿಗೆ ಹರಿಯುವುದು ಜಾಸ್ತಿ. ಹಾಗಾಗಿ ಕನ್ವರ್ಟರನ್ನು ಕಂಪ್ಯೂಟರಿನ ಪಕ್ಕದಲ್ಲೇ ಕೂರಿಸಿ. ಉದ್ದದ ವೈರೇನಿದ್ದರೂ 12 ವೋಲ್ಟಿನ ಕಡೆ ಇರಲಿ.

10 ಎಎಚ್ ಬ್ಯಾಟರಿ ಹಾಕಿದೀವಿ. ಎಷ್ಟೊತ್ತು ಬತ್ತದೆ?

ಮೂರು ಸೆಲ್ ಲಿಥಿಯಂ 10 ಎಎಚ್ (ಆಂಪ್-ಅವರ್) ಅಂದರೆ 111 ವ್ಯಾಟ್-ಅವರ್. ಅದರಲ್ಲಿ ನೂರಕ್ಕೆ 80 ಬಳಸಿದರೆ 89. ಕಂಪ್ಯೂಟರಿಗೆ 14 ವ್ಯಾಟ್, ಮೋಟಾರುಗಳಿಗೆ ಸರಾಸರಿ 30 ವ್ಯಾಟ್ ಆದರೆ ಎರಡು ಗಂಟೆ.

ಯುಪಿಎಸ್‌ನಿಂದ ಕಳಚಿ ತರುವ 12 ವೋಲ್ಟ್ 7 ಎಎಚ್ ಲೆಡ್ ಆಸಿಡ್ ಬ್ಯಾಟರಿಗೆ ಇದೇ ಗುಣಾಕಾರ ಹಾಕಬೇಡಿ. ಅದರ ಮೇಲಿನ 7 ಎಎಚ್ ಅನ್ನುವುದು 20 ಗಂಟೆಯಲ್ಲಿ ನಿಧಾನವಾಗಿ, ಅಂದರೆ 0.35 ಆಂಪಿನಂತೆ ಎಳೆದಾಗಿನ ಅಳತೆ. 4 ಆಂಪ್ ಎಳೆದರೆ ಅಷ್ಟು ಸಿಗುವುದೇ ಇಲ್ಲ. ಅರ್ಧಕ್ಕಿಂತ ಕೆಳಗೆ ಪ್ರತಿಸಲ ಇಳಿಸಿದರೆ ಬ್ಯಾಟರಿ ಬೇಗ ಸಾಯುತ್ತದೆ. ಮೇಲಿನದೇ ಬಂಡಿಗೆ ಒಂದು ಗಂಟೆಗೂ ಕಡಿಮೆ ಎಂದು ಇಟ್ಟುಕೊಂಡು ಡೆಮೋ ಯೋಜಿಸಿ.

ಪವರ್ ಬ್ಯಾಂಕ್ ಇಟ್ಬಿಟ್ರೆ ತಲೆನೋವೇ ಇರಲ್ವಲ್ಲ?

ಮೇಜಿನ ಮೇಲಿನ ಪ್ರಯೋಗಕ್ಕೆ ಒಳ್ಳೆಯ ದಾರಿ, ಮೋಟಾರಿನ ಕಾಟದಿಂದ ಪೈ ಪೂರ್ತಿ ಬೇರೆಯಾಗುತ್ತದೆ. 20,000 ಎಂಎಎಚ್ ಅಂದರೆ ಒಳಗಿನ 3.7 ವೋಲ್ಟಿನ ಲೆಕ್ಕದಲ್ಲಿ 74 ವ್ಯಾಟ್-ಅವರ್. 5 ವೋಲ್ಟಿಗೆ ಏರಿಸುವಾಗ ಒಂದಿಷ್ಟು ಕಳೆದು 63ರ ಆಸುಪಾಸು ಕೈಗೆ ಸಿಗುತ್ತದೆ. ಎರಡು ಕಡೆ ಎಡವುತ್ತಾರೆ. ಚಾರ್ಜರ್ ಸಿಕ್ಕಿಸಿದ ಅಥವಾ ಕಿತ್ತ ಗಳಿಗೆಯಲ್ಲಿ ಅನೇಕ ಪವರ್ ಬ್ಯಾಂಕುಗಳು ಔಟ್‌ಪುಟ್ಟನ್ನು ಒಂದು ಕ್ಷಣ ಕಡಿಯುತ್ತವೆ, ಪೈ ರೀಸ್ಟಾರ್ಟ್ ಆಗುತ್ತದೆ. ಇನ್ನೊಂದು, ಪೈ 5 ಕೇಳುವ 5 ವೋಲ್ಟ್ 5 ಆಂಪನ್ನು ಸಾಮಾನ್ಯ ಪವರ್ ಬ್ಯಾಂಕ್ ಕೊಡುವುದಿಲ್ಲ, 3 ಆಂಪಿಗೆ ನಿಲ್ಲುತ್ತದೆ.

## ಜೋಡಣೆ

ಎಲ್‌ಎಂ2596 ಮಾಡ್ಯೂಲ್ ಮೇಲೆ 3 ಆಂಪ್ ಅಂತಿದೆ. ಮುಟ್ಟಿದ್ರೆ ಕೈ ಸುಡುತ್ತೆ, ಯಾಕೆ?

3 ಆಂಪ್ ಎನ್ನುವುದು ಚಿಪ್ಪಿನ ಮಿತಿ. ಅಂಗೈಯಗಲವೂ ಇಲ್ಲದ ಆ ಬೋರ್ಡು ಅಷ್ಟು ಬಿಸಿಯನ್ನು ಹೊರಹಾಕಲಾರದು. 15 ವ್ಯಾಟ್ ಹೊರಗೆ ಕೊಡುವಾಗ ದಕ್ಷತೆ ನೂರಕ್ಕೆ 80 ಇದ್ದರೆ ಸುಮಾರು 3.75 ವ್ಯಾಟ್ ಚಿಪ್ಪಿನಲ್ಲೂ ಕಾಯಿಲ್ಲಿನಲ್ಲೂ ಬಿಸಿಯಾಗುತ್ತದೆ. ಹೀಟ್‌ಸಿಂಕ್ ಇಲ್ಲದೆ 1.5ರಿಂದ 2 ಆಂಪ್ ಅದರ ನಿಜವಾದ ಶಕ್ತಿ ಎಂದುಕೊಳ್ಳಿ. ಆ ಹೆಸರಿನ ನಕಲಿ ಚಿಪ್ಪುಗಳೂ ಬಹಳ ಓಡಾಡುತ್ತವೆ. ಪೈ 4ಕ್ಕೆ ಎಕ್ಸ್‌ಎಲ್4015 ಇರುವ 5 ಆಂಪ್ ಬೋರ್ಡ್ ತಂದು, ಹೀಟ್‌ಸಿಂಕ್ ಅಂಟಿಸಿ, 3 ಆಂಪಿನ ಒಳಗೇ ಓಡಿಸಿ. ಅದಕ್ಕೆ ಒಳಗೆ ಕನಿಷ್ಠ 8 ವೋಲ್ಟ್ ಬೇಕು ಅನ್ನುವುದು ನೆನಪಿರಲಿ, ಮುಂದೆ ಈ ಅಂಕಿ ಬೇಕಾಗುತ್ತದೆ.

ಬಿಸಿಗಿಂತ ಹೆಚ್ಚು ಹೆದರಬೇಕಾದದ್ದು ಬೋರ್ಡಿನ ಮೇಲಿನ ನೀಲಿ ಸ್ಕ್ರೂ ಪೊಟೆನ್ಶಿಯೋಮೀಟರಿಗೆ. ವೋಲ್ಟೇಜನ್ನು ನಿರ್ಧರಿಸುವುದು ಅದು. ಬಂಡಿಯ ಅದುರಾಟದಲ್ಲಿ ಒಳಗಿನ ಸಂಪರ್ಕ ತಪ್ಪಿದರೆ, ಔಟ್‌ಪುಟ್ ಕಡಿಮೆಯಾಗಿದೆ ಎಂದುಕೊಂಡು ಚಿಪ್ಪು ಪೂರ್ತಿ ತೆರೆದುಕೊಳ್ಳುತ್ತದೆ. 5 ವೋಲ್ಟಿನ ಜಾಗದಲ್ಲಿ 12 ಬಂದು ಪೈ ಸುಟ್ಟುಹೋಗುತ್ತದೆ. ಓಡಾಡುವ ರೋಬೋಗೆ 5 ವೋಲ್ಟಿಗೇ ಸ್ಥಿರವಾಗಿರುವ ಮಾಡ್ಯೂಲನ್ನೇ ತನ್ನಿ. ತಂದಾಗಿಹೋಗಿದೆ ಎನ್ನುವುದಾದರೆ ಬೇಕಾದ ವೋಲ್ಟೇಜಿಗೆ ತಿರುಗಿಸಿ, ಪೊಟೆನ್ಶಿಯೋಮೀಟರನ್ನು ಕಳಚಿ, ಅದರ ಓಮ್ ಅಳೆದು, ಅಷ್ಟೇ ಬೆಲೆಯ ಸ್ಥಿರ ರೆಸಿಸ್ಟರನ್ನು ಬೆಸುಗೆ ಹಾಕಿ. ಆಮೇಲೆ ಔಟ್‌ಪುಟ್ ಮತ್ತೊಮ್ಮೆ ಅಳೆಯದೆ ಪೈ ಸಿಕ್ಕಿಸಬೇಡಿ.

ಮೊದಲ ಸಲ ಜೋಡಿಸುವಾಗ ಯಾವ ಕ್ರಮದಲ್ಲಿ ಮಾಡ್ಬೇಕು?

ಕಂಪ್ಯೂಟರ್ ಕೊನೆಗೆ ಬರಲಿ. ಬ್ಯಾಟರಿಯಿಂದ ಫ್ಯೂಸ್, ಸ್ವಿಚ್, ಕನ್ವರ್ಟರ್ ಇಷ್ಟನ್ನು ಜೋಡಿಸಿ, ಪ್ಲಸ್-ಮೈನಸ್ ಮಲ್ಟಿಮೀಟರಿನಲ್ಲಿ ನೋಡಿ, ಆನ್ ಮಾಡಿ. ಔಟ್‌ಪುಟ್ಟನ್ನು 5.1ಕ್ಕೆ ತನ್ನಿ. ಹೊಸ ಮಾಡ್ಯೂಲಿನ ಸ್ಕ್ರೂ ಹಲವು ಸುತ್ತು ತಿರುಗಿಸಿದರೂ ವೋಲ್ಟೇಜ್ ಕದಲದೆ ಇರಬಹುದು. ಅದು ಬಹುಸುತ್ತಿನ ಸ್ಕ್ರೂ, ಕೆಟ್ಟಿಲ್ಲ, ತಿರುಗಿಸುತ್ತಾ ಹೋಗಿ.

ಆಮೇಲೆ ಸುಳ್ಳು ಹೊರೆ ಹಾಕಿ ಪರೀಕ್ಷೆ ಮಾಡಿ. 3.3 ಓಮ್, 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಎರಡನ್ನು ಪಕ್ಕಪಕ್ಕ ಸಮಾಂತರವಾಗಿ ಕೊಟ್ಟರೆ 1.65 ಓಮ್, 5.1 ವೋಲ್ಟಿನಲ್ಲಿ 3.1 ಆಂಪ್ ಹರಿಯುತ್ತದೆ. ಹೆಂಚಿನ ತುಂಡಿನ ಮೇಲಿಟ್ಟು ಅರ್ಧ ಗಂಟೆ ಬಿಡಿ, ರೆಸಿಸ್ಟರ್ ಮುಟ್ಟಬೇಡಿ. ಈ ಅರ್ಧ ಗಂಟೆಯಲ್ಲಿ ವೋಲ್ಟೇಜ್ 5ರ ಕೆಳಗೆ ಜಾರಿದರೆ ಅಥವಾ ಮಾಡ್ಯೂಲಿನಿಂದ ವಾಸನೆ ಬಂದರೆ ಅದನ್ನು ರೋಬೋಗೆ ಹಾಕುವ ಮಾತೇ ಇಲ್ಲ. ಪಾಸಾದರೆ ಮಾತ್ರ ಪೈ ಸಿಕ್ಕಿಸಿ. ಮೋಟಾರಿನ ಫ್ಯೂಸನ್ನು ಎಲ್ಲಕ್ಕಿಂತ ಕಡೆಗೆ ಹಾಕಿ.

ಮಾಡ್ಯೂಲ್ ಹತ್ರ 5.1 ತೋರಿಸ್ತದೆ, ಪೈ ಹತ್ರ 4.7. ಉಳಿದದ್ದು ಎಲ್ಲೋಯ್ತು?

ವೈರಿನಲ್ಲಿ ಹೋಯಿತು. ವಿಶ್ವೇಶ್ವರಯ್ಯ ನಾಲೆಯ ತಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ಸೊರಗುತ್ತದಲ್ಲ, ಹಾಗೆಯೇ ಇದು. ಅಗ್ಗದ ಯುಎಸ್‌ಬಿ ಕೇಬಲ್ಲು ಮತ್ತು ಬ್ರೆಡ್‌ಬೋರ್ಡಿನ ಜಂಪರ್ ವೈರುಗಳ ಒಳಗಿನ ತಾಮ್ರ ಕೂದಲಿನಷ್ಟು. ಅಂಥ ವೈರಿಗೆ ಮೀಟರಿಗೆ 0.2 ಓಮ್ ಆಸುಪಾಸು. 30 ಸೆಂಟಿಮೀಟರ್ ಉದ್ದವಿದ್ದರೂ ಹೋಗುವುದು ಬರುವುದು ಸೇರಿ 60 ಸೆಂಟಿಮೀಟರ್, ಅಂದರೆ 0.12 ಓಮ್. 3 ಆಂಪ್ ಹರಿದರೆ 0.36 ವೋಲ್ಟ್ ದಾರಿಯಲ್ಲೇ ಖಾಲಿ. ಪೈ 4.63 ವೋಲ್ಟಿಗೆ ಬಂದಾಗ ಕಡಿಮೆ ವೋಲ್ಟೇಜ್ ಎಂದು ಕೂಗುತ್ತದೆ, ನೀವು ಅದರ ಅಂಚಿನಲ್ಲಿದ್ದೀರಿ.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಒಂದು ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ವೈರ್’ ಕೇಳಿ ತನ್ನಿ. ಅದಕ್ಕೆ ಮೀಟರಿಗೆ ಸುಮಾರು 0.02 ಓಮ್. ಅದೇ ದೂರಕ್ಕೆ ನಷ್ಟ 0.04 ವೋಲ್ಟಿಗೂ ಕಡಿಮೆ. ತುದಿಗೆ ಯುಎಸ್‌ಬಿ-ಸಿ ಪ್ಲಗ್ ಬೆಸುಗೆ ಹಾಕಬೇಕಾದರೆ ಒಳ್ಳೆಯ ಕೇಬಲ್ಲೊಂದನ್ನು ಕತ್ತರಿಸಿ, ಪ್ಲಗ್ ಕಡೆ 10 ಸೆಂಟಿಮೀಟರ್ ಮಾತ್ರ ಉಳಿಸಿಕೊಳ್ಳಿ. ವೋಲ್ಟೇಜನ್ನು 5.5ಕ್ಕೆ ಏರಿಸಿ ನಷ್ಟ ತುಂಬಿಸಿಕೊಳ್ಳುವ ಸಲಹೆ ಕೆಲವರು ಕೊಡುತ್ತಾರೆ. ಪೈ ಸುಮ್ಮನಿದ್ದು ಕರೆಂಟು ಕಡಿಮೆ ಎಳೆಯುವಾಗ ಅಷ್ಟೂ ಅದರ ತಲೆಗೇ ಹೋಗುತ್ತದೆ. ಮಾಡ್ಯೂಲಿನಲ್ಲಿ 5.2 ದಾಟಿಸಬೇಡಿ.

ಯುಎಸ್‌ಬಿ-ಸಿ ಬಾಯಿಗೆ ಕೊಡೋದಾ, ಜಿಪಿಐಒ ಪಿನ್ನಿಗೆ ಕೊಡೋದಾ?

ಎರಡೂ ನಡೆಯುತ್ತದೆ. ಜಿಪಿಐಒದಲ್ಲಿ, ಅಂದರೆ ಪೈ ಮೇಲಿನ ಪಿನ್ನುಗಳ ಸಾಲಿನಲ್ಲಿ, 2 ಮತ್ತು 4ನೇ ಪಿನ್ನು 5 ವೋಲ್ಟ್, 6ನೇದು ಗ್ರೌಂಡ್. ಅಲ್ಲಿ ಕೊಟ್ಟದ್ದು ನೇರವಾಗಿ 5 ವೋಲ್ಟಿನ ಒಳದಾರಿಗೆ ಹೋಗುತ್ತದೆ, ತಪ್ಪು ತಡೆಯಲು ನಡುವೆ ಏನೂ ಇಲ್ಲ. ಪ್ಲಸ್-ಮೈನಸ್ ತಿರುವಾದರೆ ಬೋರ್ಡ್ ಹೋದಂತೆಯೇ. ಅದುರುವ ಬಂಡಿಯಲ್ಲಿ ಜಂಪರ್ ವೈರ್ ಕಳಚಿಕೊಳ್ಳುವುದೂ ಉಂಟು. ಪಿನ್ನಿಗೇ ಕೊಡಬೇಕೆಂದರೆ ಎರಡೂ 5 ವೋಲ್ಟ್ ಪಿನ್ನುಗಳನ್ನೂ ಎರಡು ಗ್ರೌಂಡ್ ಪಿನ್ನುಗಳನ್ನೂ ಬಳಸಿ, ತಪ್ಪಾಗಿ ಕೂರದಂಥ ಕನೆಕ್ಟರ್ ಹಾಕಿ. ಮನಸ್ಸು ಗಟ್ಟಿಯಿಲ್ಲದಿದ್ದರೆ ಯುಎಸ್‌ಬಿ-ಸಿಯೇ ಇರಲಿ.

ಪೈ 5ಕ್ಕೆ 5 ವೋಲ್ಟ್ 8 ಆಂಪ್ ಮಾಡ್ಯೂಲ್ ಕೊಟ್ರೂ ‘ಪವರ್ ಸಾಲ್ದು’ ಅಂತ ಬರುತ್ತಲ್ಲ?

ಪೈ 5 ಅಡಾಪ್ಟರಿನ ಜೊತೆ ಮಾತಾಡಿ, 5 ಆಂಪ್ ಕೊಡುತ್ತೀಯಾ ಎಂದು ಕೇಳುತ್ತದೆ. ಬಕ್ ಮಾಡ್ಯೂಲಿಗೆ ಉತ್ತರ ಕೊಡಲು ಬಾರದು. ಆಗ ಪೈ ಮೂರೇ ಆಂಪ್ ಇರುವುದು ಎಂದುಕೊಂಡು ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ. 5 ಆಂಪ್ ಖಾತ್ರಿಯಾದರೆ 1.6 ಆಂಪ್ ಬಿಡುತ್ತದೆ. ಲೈಡಾರು, ಕ್ಯಾಮೆರಾ ಎರಡನ್ನೂ ಸಿಕ್ಕಿಸಿದಾಗ ಒಂದು ಕಾಣೆಯಾಗುವುದು ಇದರಿಂದ.

ನಿಮ್ಮ ಕನ್ವರ್ಟರ್ ನಿಜಕ್ಕೂ 5 ಆಂಪ್ ಕೊಡಬಲ್ಲದು ಎಂದು ಮೇಲಿನಂಥದೇ, ಆದರೆ 5 ಆಂಪ್ ಎಳೆಯುವ ಹೊರೆ ಪರೀಕ್ಷೆಯಲ್ಲಿ ಖಚಿತಪಡಿಸಿಕೊಂಡ ಮೇಲೆ, ಬೂಟ್ ಈಪ್ರಾಮಿನ (ಪೈ ಶುರುವಾಗುವಾಗ ಓದುವ ಮೆಮೊರಿ ಚಿಪ್ಪು) ಸೆಟ್ಟಿಂಗಿನಲ್ಲಿ ಅಡಾಪ್ಟರಿನ ಗರಿಷ್ಠ ಕರೆಂಟನ್ನು 5000 ಎಂದು ಬರೆಯಿರಿ. ಕಾನ್ಫಿಗ್ ಕಡತದಲ್ಲಿ ಯುಎಸ್‌ಬಿ ಗರಿಷ್ಠ ಕರೆಂಟಿನ ಆಯ್ಕೆಯನ್ನು 1 ಮಾಡಿದರೂ ಆಗುತ್ತದೆ. ಪರೀಕ್ಷೆ ಮಾಡದೆ ಇದನ್ನು ಬದಲಿಸಿದರೆ ಎಚ್ಚರಿಕೆ ಮಾತ್ರ ಬಾಯಿ ಮುಚ್ಚುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ.

ಫ್ಯೂಸ್ ಎಲ್ಲಿ, ಎಷ್ಟು ಆಂಪಿಂದು?

ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಫ್ಯೂಸ್ ಕಾಯುವುದು ವೈರನ್ನು, ಆದ್ದರಿಂದ ಫ್ಯೂಸಿಗೆ ಮೊದಲಿನ ವೈರಿಗೆ ಕಾವಲಿಲ್ಲ. ಬೈಕು ಕಾರುಗಳ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಬ್ಲೇಡ್ ಫ್ಯೂಸೇ ಸಾಕು. ಕಂಪ್ಯೂಟರಿನ ಕವಲಿಗೆ 5 ಆಂಪ್, ಅದು ಕಂದುಛಾಯೆಯ ತಿಳಿಬಣ್ಣ. ಮೋಟಾರಿನ ಕವಲಿಗೆ ವೈರು ತಡೆಯುವಷ್ಟು: 15 ನೀಲಿ, 20 ಹಳದಿ, 30 ಹಸಿರು. ಮಾಮೂಲು ಬ್ಲೇಡ್ ಫ್ಯೂಸ್ 32 ವೋಲ್ಟಿನವರೆಗೆ ಮಾತ್ರ, 48 ವೋಲ್ಟ್ ಬಂಡಿಗೆ ಸಲ್ಲದು. ಮನೆಯ ಎಂಸಿಬಿ ತಂದು ಡಿಸಿಗೆ ಹಾಕಬೇಡಿ. ಎಸಿಯಲ್ಲಿ ಕಿಡಿ ತಾನಾಗಿ ಆರುವಂತೆ ಡಿಸಿಯಲ್ಲಿ ಆರುವುದಿಲ್ಲ.

## ಬಂಡಿ ಓಡುವಾಗ ಕೈಕೊಟ್ಟರೆ

ಚಕ್ರ ಕೆಸ್ರಲ್ಲಿ ಸಿಕ್ಕಾಕ್ಕೊಂಡ ತಕ್ಷಣ ಪೈ ರೀಸ್ಟಾರ್ಟ್ ಆಯ್ತದೆ. ಯಾಕಣ್ಣ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ನೀರು ಕಟ್ಟಿದ ಕಬ್ಬಿನ ಗದ್ದೆಯಲ್ಲಿ ಚಕ್ರ ನಿಂತರೂ ಮೋಟಾರಿಗೆ ವೋಲ್ಟೇಜ್ ಹೋಗುತ್ತಲೇ ಇರುತ್ತದೆ. ತಿರುಗದ ಮೋಟಾರು ಬರೀ ಒಂದು ತಾಮ್ರದ ಸುರುಳಿ, ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಎರಡು ಮೋಟಾರು ತಲಾ 20 ಆಂಪಿನಂತೆ 40 ಆಂಪ್ ಎಳೆದವು ಎನ್ನಿ. ಹೊಸ 7 ಎಎಚ್ ಲೆಡ್ ಆಸಿಡ್ ಬ್ಯಾಟರಿಯ ಒಳರೋಧ 0.025 ಓಮ್ ಆಸುಪಾಸು: 1 ವೋಲ್ಟ್ ಕುಸಿತ. ಅರ್ಧ ಮೀಟರ್ ದೂರದ ಒಂದು ಸ್ಕ್ವೇರ್ ಎಂಎಂ ವೈರಿನಲ್ಲಿ ಇನ್ನೊಂದು 0.8 ವೋಲ್ಟ್. 12.4 ಇದ್ದದ್ದು 10.6ಕ್ಕೆ ಬಂತು, ಬಕ್ ಇನ್ನೂ ಬದುಕಿದೆ. ಅದೇ ಬ್ಯಾಟರಿ ಹಳತಾಗಿ ಒಳರೋಧ 0.12 ಓಮ್ ಆಗಿದ್ದರೆ? 4.8 ಮತ್ತು 0.8 ಸೇರಿ 5.6 ವೋಲ್ಟ್ ಹೋಗಿ ಉಳಿಯುವುದು 6.8. ಎಕ್ಸ್‌ಎಲ್4015ಕ್ಕೆ 8 ಬೇಕು ಎಂದಿದ್ದೆವು. ಅದು ಕೈಬಿಟ್ಟಿತು, ಪೈ ಸತ್ತು ಮತ್ತೆ ಹುಟ್ಟಿತು. ನೀವು ಮೀಟರ್ ಹಿಡಿಯುವಷ್ಟರಲ್ಲಿ ಬ್ಯಾಟರಿ ಮತ್ತೆ 12.4 ತೋರಿಸುತ್ತಿರುತ್ತದೆ. ಮಿನ್-ಮ್ಯಾಕ್ಸ್ ಗುಂಡಿ ಇರುವ ಮೀಟರನ್ನು ಬಕ್‌ನ ಒಳಬಾಯಿಗೆ ಕಟ್ಟಿ, ಚಕ್ರ ಹಿಡಿದು ನಿಲ್ಲಿಸಿ ನೋಡಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಕುಸಿತವನ್ನು ಆ ಮೀಟರೂ ಬಿಟ್ಟುಬಿಡಬಹುದು, ಅದಕ್ಕೆ ಕಾಲೇಜಿನ ಆಸಿಲೋಸ್ಕೋಪೇ ಬೇಕು.

ಈ ಕ್ರಮದಲ್ಲಿ ಸರಿಮಾಡಿ. ಮೊದಲು ಕವಲು: ಕಂಪ್ಯೂಟರಿನ ವೈರು ಮೋಟಾರ್ ಡ್ರೈವರಿನ (ಮೋಟಾರಿಗೆ ಕರೆಂಟು ಹಂಚುವ ಬೋರ್ಡ್) ಟರ್ಮಿನಲ್ಲಿನಿಂದ ಹೊರಡಬಾರದು, ಬ್ಯಾಟರಿಯ ಟರ್ಮಿನಲ್ಲಿನಿಂದಲೇ ಬೇರೆಯಾಗಿ ಹೊರಡಬೇಕು. ಖರ್ಚಿಲ್ಲದೆ ವೈರಿನ 0.8 ವೋಲ್ಟ್ ಉಳಿಯಿತು. ಎರಡನೆಯದು ಪ್ರೋಗ್ರಾಂ: ಮೋಟಾರಿಗೆ ಸೊನ್ನೆಯಿಂದ ನೂರಕ್ಕೆ ಒಮ್ಮೆಲೇ ಹಾರಬೇಡಿ, ಅರ್ಧ ಸೆಕೆಂಡಿನಲ್ಲಿ ಏರಿಸಿ. ಚಕ್ರದ ಸುತ್ತು ಅಳೆಯುವ ಎನ್ಕೋಡರಿನಿಂದ ಎಣಿಕೆ ಬರದಿದ್ದರೆ ಸೆಕೆಂಡಿನೊಳಗೆ ಮೋಟಾರ್ ನಿಲ್ಲಿಸಿ. ಡ್ರೈವರಿಗೆ ಕರೆಂಟ್ ಮಿತಿ ಇದ್ದರೆ ಅದನ್ನು ಹಾಕಿ. ಮೂರನೆಯದು ಹಳೆಯ ಬ್ಯಾಟರಿಯನ್ನು ಬೀಳ್ಕೊಡುವುದು.

ನಾಲ್ಕನೆಯದು ಡಯೋಡ್ ಮತ್ತು ಕೆಪಾಸಿಟರ್. ಬಕ್‌ಗೆ ಮುಂಚೆ 5 ಆಂಪಿನ ಶಾಟ್‌ಕಿ ಡಯೋಡ್ ಹಾಕಿ, ಅದರಾಚೆ ದೊಡ್ಡ ಕೆಪಾಸಿಟರ್ ಇಟ್ಟರೆ, ಬ್ಯಾಟರಿ ಕುಸಿದಾಗ ಕೆಪಾಸಿಟರಿನ ಚಾರ್ಜು ಮೋಟಾರಿನ ಕಡೆ ಹಿಂದೆ ಓಡದೆ ಪೈಗೇ ಉಳಿಯುತ್ತದೆ. ಆದರೆ ಎಷ್ಟು ಹೊತ್ತು? 12 ವ್ಯಾಟ್ ಎಳೆಯುವ ಬಕ್‌ಗೆ 11ರಿಂದ 8 ವೋಲ್ಟಿಗೆ ಇಳಿಯುವ ತನಕ 4700 ಮೈಕ್ರೋಫ್ಯಾರಡ್ ಕೊಡುವುದು ಹೆಚ್ಚುಕಡಿಮೆ 11 ಮಿಲಿಸೆಕೆಂಡ್. ಮೋಟಾರು ಹೊರಡುವ ಗಳಿಗೆಯ ಚಿಕ್ಕ ಗುಂಡಿಯನ್ನು ದಾಟಲು ಇದು ನೆರವಾಗುತ್ತದೆ. ಕೆಸರಿನಲ್ಲಿ ಎರಡು ಸೆಕೆಂಡ್ ಸಿಕ್ಕಿಕೊಂಡಾಗ ಯಾವ ಕೆಪಾಸಿಟರೂ ಕಾಪಾಡದು.

ವೋಲ್ಟೇಜ್ ಬಿದ್ದಿತ್ತೋ ಇಲ್ವೋ ಅಂತ ಆಮೇಲೆ ತಿಳ್ಕೊಳ್ಳೋಕೆ ಆಗುತ್ತಾ?

ಆಗುತ್ತದೆ. ಪೈನಲ್ಲಿ ಥ್ರಾಟಲ್ ಸ್ಥಿತಿ, ಅಂದರೆ ವೇಗ ತಗ್ಗಿಸಿಕೊಂಡಿದೆಯೇ ಎಂದು, ಕೇಳುವ ಆದೇಶ ಕೊಟ್ಟರೆ ಒಂದು ಸಂಖ್ಯೆ ಬರುತ್ತದೆ. 0 ಬಂದರೆ ಎಲ್ಲ ಸರಿ. 50000 ಬಂದರೆ ಈಗ ಸರಿಯಿದೆ, ಆದರೆ ಬೂಟ್ ಆದ ಮೇಲೆ ಎಂದೋ ವೋಲ್ಟೇಜ್ ಬಿದ್ದು ವೇಗ ತಗ್ಗಿತ್ತು ಎಂದರ್ಥ. 50005 ಬಂದರೆ ಈ ಕ್ಷಣದಲ್ಲೂ ಬಿದ್ದೇ ಇದೆ. ಪ್ರತಿ ಓಟದ ಕೊನೆಯಲ್ಲಿ ಇದನ್ನು ಲಾಗಿನಲ್ಲಿ ಬರೆಸಿಡಿ. ರೀಸ್ಟಾರ್ಟ್ ಆದರೆ ಈ ನೆನಪು ಅಳಿಸಿಹೋಗುತ್ತದೆ, ಹಾಗಾಗಿ ಓಡುತ್ತಿರುವಾಗಲೂ ಹತ್ತು ಸೆಕೆಂಡಿಗೊಮ್ಮೆ ಬರೆಸುವುದು ಮೇಲು.

ಇಳಿಜಾರಲ್ಲಿ ಬಂಡಿ ನಿಲ್ಲಿಸಿದ ಕೂಡ್ಲೆ ಬಕ್ ಸುಟ್ಟೋಯ್ತು. ಲೋಡೇ ಇರ್ಲಿಲ್ಲ!

ಇಳಿಯುವ ಬಂಡಿಯ ಮೋಟಾರು ಡೈನಮೋ ಆಗುತ್ತದೆ. ಬ್ರೇಕ್ ಹಾಕಿದಾಗ ಡ್ರೈವರ್ ಆ ಕರೆಂಟನ್ನು ಬ್ಯಾಟರಿಗೆ ಹಿಂದಕ್ಕೆ ನೂಕುತ್ತದೆ. ಬ್ಯಾಟರಿ ಅದನ್ನು ನುಂಗುವವರೆಗೆ ತೊಂದರೆಯಿಲ್ಲ. ಆಗಷ್ಟೇ ಪೂರ್ತಿ ಚಾರ್ಜಾದ ಲಿಥಿಯಂ ಪ್ಯಾಕಿನ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟು) ‘ಸಾಕು’ ಎಂದು ಬಾಗಿಲು ಹಾಕಿದರೆ, ಅಥವಾ ಓಡುತ್ತಿರುವಾಗಲೇ ಯಾರೋ ತುರ್ತು ಗುಂಡಿ ಒತ್ತಿ ಬ್ಯಾಟರಿ ಕಡಿದರೆ, ಆ ಶಕ್ತಿಗೆ ಬಕ್ ಬಿಟ್ಟು ಬೇರೆ ದಾರಿ ಇರುವುದಿಲ್ಲ. ವೋಲ್ಟೇಜ್ ಏರಿ, 36 ಅಥವಾ 40 ವೋಲ್ಟಿನ ಮಿತಿಯ ಚಿಪ್ಪು ಸೀಳುತ್ತದೆ.

ತುರ್ತು ಗುಂಡಿ ಮೋಟಾರಿನ ಕವಲನ್ನು ಮಾತ್ರ ಕಡಿಯಬೇಕು. ಆಗ ಕಂಪ್ಯೂಟರ್ ಬೇರೆ ಕವಲಿನಲ್ಲಿ ಸುರಕ್ಷಿತವಾಗಿರುತ್ತದೆ, ಏನಾಯಿತೆಂದು ಬರೆದಿಡುವುದಕ್ಕೂ ಎಚ್ಚರವಾಗಿರುತ್ತದೆ. ಬಕ್‌ನ ಒಳಬಾಯಿಗೆ ಟಿವಿಎಸ್ ಡಯೋಡ್ ಹಾಕಿ. 12 ವೋಲ್ಟ್ ಬಂಡಿಗೆ 1.5ಕೆಇ18ಎ: 15.3 ವೋಲ್ಟಿನವರೆಗೆ ಸುಮ್ಮನಿದ್ದು, ಅಬ್ಬರ ಬಂದಾಗ 25 ವೋಲ್ಟಿನ ಆಸುಪಾಸಿನಲ್ಲಿ ಹಿಡಿದಿಡುತ್ತದೆ. 24 ವೋಲ್ಟಿನ ಬಂಡಿಗೆ 1.5ಕೆಇ33ಎ ಬಳಸುತ್ತಾರೆ, ಅದು ಹಿಡಿಯುವುದು 45ರ ಮೇಲೆ. 40 ವೋಲ್ಟಿನ ಚಿಪ್ಪಿಗೆ ಅಷ್ಟರಲ್ಲೇ ಕಾಲ ಮುಗಿದಿರುತ್ತದೆ. ಹಾಗಾಗಿ 24 ವೋಲ್ಟ್ ಬಂಡಿಗೆ 60 ವೋಲ್ಟ್ ತಡೆಯುವ ಕನ್ವರ್ಟರನ್ನೇ ಕೊಳ್ಳಿ. ಟಿವಿಎಸ್ ಇರುವುದು ಚುಟುಕು ಹೊಡೆತಕ್ಕೆ. ಉದ್ದದ ಇಳಿಜಾರಿನಲ್ಲಿ ಸೆಕೆಂಡುಗಟ್ಟಲೆ ಹರಿದುಬರುವ ಶಕ್ತಿಗೆ ಬ್ರೇಕ್ ರೆಸಿಸ್ಟರ್ ಬೇಕು.

ಪೈ ಗಟ್ಟಿಯಾಗಿದೆ, ಲೈಡಾರ್ ಮಾತ್ರ ಮೋಟಾರ್ ಓಡುವಾಗ ಬಿಟ್ಟುಬಿಟ್ಟು ಹೋಗ್ತದೆ.

ಗ್ರೌಂಡ್ ವೈರುಗಳ ದಾರಿ ನೋಡಿ. ಎಲ್ಲ ಗ್ರೌಂಡುಗಳೂ ಬ್ಯಾಟರಿಯ ಮೈನಸ್ ಹತ್ತಿರ ಒಂದೇ ಬಿಂದುವಿನಲ್ಲಿ ಸೇರಬೇಕು, ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗಬಾರದು. ಮೋಟಾರ್ ಡ್ರೈವರಿನ ಗ್ರೌಂಡ್ ಸ್ಕ್ರೂ ಸಡಿಲವಾಗಿದ್ದರೆ ಆ ಹತ್ತಿಪ್ಪತ್ತು ಆಂಪ್ ಬೇರೆ ದಾರಿ ಹುಡುಕುತ್ತದೆ: ಡ್ರೈವರಿನಿಂದ ಅದಕ್ಕೆ ಆದೇಶ ಕೊಡುವ ಪುಟ್ಟ ಬೋರ್ಡಾದ ಆರ್ಡುಯಿನೊ, ಅಲ್ಲಿಂದ ಯುಎಸ್‌ಬಿ ಕೇಬಲ್ಲಿನ ಗ್ರೌಂಡ್, ಅಲ್ಲಿಂದ ಪೈ. ಲೈಡಾರ್ ಬಿಟ್ಟುಹೋಗುವುದು ಇದರ ಸಣ್ಣ ರೂಪ, ಯುಎಸ್‌ಬಿ ಪೋರ್ಟ್ ಸುಡುವುದು ದೊಡ್ಡ ರೂಪ. ಯುಎಸ್‌ಬಿ ಕೇಬಲ್ ಬೆಚ್ಚಗಾಗಿದ್ದರೆ ಅಲ್ಲೇ ಬಂಡಿ ನಿಲ್ಲಿಸಿ.

ಆಮೇಲೆ ಪ್ರತಿ ಮೋಟಾರಿನ ಎರಡು ತುದಿಗಳ ನಡುವೆ ‘104’ ಎಂದು ಬರೆದ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ, ಮೋಟಾರಿನ ಜೋಡಿ ವೈರುಗಳನ್ನು ಹೆಣೆದು, ಯುಎಸ್‌ಬಿ ಕೇಬಲ್ಲುಗಳಿಂದ ದೂರ ಸಾಗಿಸಿ. ಇಷ್ಟಕ್ಕೂ ಬಗ್ಗದಿದ್ದರೆ ಒಳಗೂ ಹೊರಗೂ ಗ್ರೌಂಡ್ ಬೇರೆಬೇರೆ ಇರುವ ಐಸೋಲೇಟೆಡ್ ಕನ್ವರ್ಟರ್ ಕೊಳ್ಳಬೇಕು. ಬೆಲೆ ಹೆಚ್ಚು. ಆರ್ಡುಯಿನೊ ಕೇಬಲ್ಲಿನಲ್ಲಿ ಎರಡೂ ಗ್ರೌಂಡ್ ಮತ್ತೆ ಸೇರಿಬಿಟ್ಟರೆ ಕೊಟ್ಟ ದುಡ್ಡು ದಂಡ, ಆ ಕೇಬಲ್ಲಿಗೂ ಐಸೋಲೇಟರ್ ಬೇಕು.

ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಆದ್ರೆ ಕೈಕೊಡ್ತದೆ, ಬೆಳಿಗ್ಗೆ ಸರಿಯಾಗಿರ್ತದೆ.

ಮುಚ್ಚಿದ ಕಪ್ಪು ಡಬ್ಬಿಯೊಳಗಿನ ಗಾಳಿ ಹೊರಗಿಗಿಂತ ಬಹಳ ಬಿಸಿ. ಪೈ 80 ಡಿಗ್ರಿ ದಾಟಿದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬಕ್‌ಗೆ ಆ ಜಾಣತನವಿಲ್ಲ, ಉಷ್ಣ ಮಿತಿ ಮುಟ್ಟಿದಾಗ ಒಮ್ಮೆಲೇ ಕಡಿಯುತ್ತದೆ. ಬಿಳಿ ಡಬ್ಬಿ, ಮೇಲೊಂದು ನೆರಳಿನ ತಗಡು, ಬಕ್‌ನ ಹೀಟ್‌ಸಿಂಕ್ ಡಬ್ಬಿಯ ಲೋಹದ ಗೋಡೆಗೆ ಅಂಟಿರಲಿ. ಗಾಳಿಕಂಡಿ ಕೆಳಮುಖವಾಗಿದ್ದರೆ ಔಷಧಿ ಸಿಂಪಡಣೆಯ ತುಂತುರು ಒಳಬರುವುದಿಲ್ಲ. ಕೆಪಾಸಿಟರ್ ಕೊಳ್ಳುವಾಗ ಮೈಮೇಲೆ 105 ಡಿಗ್ರಿ ಎಂದಿರುವುದನ್ನೇ ಆರಿಸಿ. ಲಿಥಿಯಂ ಪ್ಯಾಕನ್ನು 45 ಡಿಗ್ರಿಗಿಂತ ಬಿಸಿಯಿರುವಾಗ ಚಾರ್ಜಿಗೆ ಹಾಕಬೇಡಿ, ಹೊಲದಿಂದ ತಂದು ನೆರಳಿನಲ್ಲಿ ಆರಲು ಬಿಡಿ.

## ಇನ್ನೂ ಮುಂದೆ ಹೋಗುವವರಿಗೆ

ಒಂದೇ ಬ್ಯಾಟರಿನಾ, ಕಂಪ್ಯೂಟರಿಗೇ ಬೇರೆ ಬ್ಯಾಟರಿನಾ?

ಇಡೀ ಬಂಡಿ ಒಟ್ಟು 100 ವ್ಯಾಟಿನೊಳಗಿದ್ದು, ಬ್ಯಾಟರಿ ಆರೋಗ್ಯವಾಗಿದ್ದರೆ ಒಂದೇ ಸಾಕು. ಒಂದೇ ಚಾರ್ಜರು, ಒಂದೇ ಅಳತೆ, ಒಂದೇ ತೂಕ. ಕೆಸರಿನಲ್ಲಿ ದುಡಿಯುವ ದೊಡ್ಡ ಮೋಟಾರಿನ ಬಂಡಿಗೆ ಬೇರೆ ಬ್ಯಾಟರಿಯೇ ಲೇಸು ಎನ್ನುವುದು ನಮ್ಮ ಅಭಿಪ್ರಾಯ. ಮೋಟಾರ್ ಬ್ಯಾಟರಿ ಪೂರ್ತಿ ಸತ್ತರೂ ಕಂಪ್ಯೂಟರ್ ಎದ್ದಿದ್ದು ‘ಇಂಥ ಸಾಲಿನಲ್ಲಿ ನಿಂತಿದ್ದೇನೆ’ ಎಂದು ಹೇಳಬಲ್ಲದು. ಎದೆಯೆತ್ತರ ಬೆಳೆದ ಕಬ್ಬಿನೊಳಗೆ ಬಂಡಿ ಹುಡುಕುವವರಿಗೆ ಅದರ ಬೆಲೆ ಗೊತ್ತು.

ಬ್ಯಾಟರಿ ಮುಗಿಯೋ ಮೊದ್ಲು ಪೈ ತಾನೇ ಶಟ್‌ಡೌನ್ ಆಗೋ ಹಾಗೆ ಮಾಡೋದು ಹೇಗೆ? ಎಸ್‌ಡಿ ಕಾರ್ಡ್ ಪದೇ ಪದೇ ಕೆಡ್ತಿದೆ.

ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡಿನ ಕಡತಗಳು ಕೆಡುತ್ತವೆ. ಬಿಎಂಎಸ್ ಕಡಿಯುವಾಗ ಮುನ್ಸೂಚನೆ ಕೊಡುವುದಿಲ್ಲ, ಹಾಗಾಗಿ ನೀವು ಅದಕ್ಕಿಂತ ಮೊದಲೇ ಎದ್ದು ಹೊರಡಬೇಕು.

ಪೈಗೆ ಅನಲಾಗ್ ಅಳೆಯುವ ಪಿನ್ ಇಲ್ಲ, 3.3 ವೋಲ್ಟ್ ಮೀರಿದರೆ ಪಿನ್ನೇ ಹೋಗುತ್ತದೆ. ಐಎನ್‌ಎ219 ಮಾಡ್ಯೂಲನ್ನು ಕಂಪ್ಯೂಟರಿನ ಕವಲಿನಲ್ಲಿ, ಬಕ್‌ಗೆ ಮೊದಲು ಹಾಕಿ. ವೋಲ್ಟೇಜ್, ಕರೆಂಟ್ ಎರಡನ್ನೂ ಹೇಳುತ್ತದೆ. 1ನೇ ಪಿನ್ನಿನಿಂದ 3.3 ವೋಲ್ಟ್, 3 ಮತ್ತು 5ನೇ ಪಿನ್ನಿಗೆ ಐ2ಸಿ ವೈರು, ಅಳತೆ ಪೈಗೆ ಬರುವುದು ಅದರಲ್ಲಿ. ಅದರ ಮಿತಿ 26 ವೋಲ್ಟ್, 3.2 ಆಂಪ್. 24 ವೋಲ್ಟಿನ ಬಂಡಿಗೆ 36 ವೋಲ್ಟ್ ತಾಳುವ ಐಎನ್‌ಎ226 ಹಾಕಿ.

ಮೂರು ಸೆಲ್ ಲಿಥಿಯಂಗೆ 10.5ರಲ್ಲಿ ಎಚ್ಚರಿಕೆ ಕೊಟ್ಟು ಬಂಡಿಯನ್ನು ವಾಪಸ್ ಕರೆಸಿ, 9.9ರಲ್ಲಿ ಶಟ್‌ಡೌನ್ ಮಾಡಿಸಿ. ಒಂದೇ ಅಳತೆಯನ್ನು ನಂಬಬೇಡಿ. ಮೋಟಾರು ಹೊರಡುವಾಗಿನ ಕುಸಿತಕ್ಕೇ ಶಟ್‌ಡೌನ್ ಆಗಿಬಿಡುತ್ತದೆ. 30 ಸೆಕೆಂಡಿನ ಸರಾಸರಿ ತೆಗೆದುಕೊಳ್ಳಿ. ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ವೋಲ್ಟೇಜ್ ಬಹಳ ಹೊತ್ತು 13ರ ಸುತ್ತಲೇ ಕದಲದೆ ನಿಂತು ಕೊನೆಗೆ ದಡಕ್ಕನೆ ಬೀಳುತ್ತದೆ, ಅಲ್ಲಿ ವೋಲ್ಟೇಜ್ ನೋಡುವುದಕ್ಕಿಂತ ಹರಿದ ಕರೆಂಟನ್ನು ಕೂಡುತ್ತಾ ಹೋಗುವುದು ಸರಿ.

ಶಟ್‌ಡೌನ್ ಆದ ಮೇಲೂ ಪೈ ಮತ್ತು ಬಕ್ ಸ್ವಲ್ಪ ಕರೆಂಟು ಹೀರುತ್ತಲೇ ಇರುತ್ತವೆ. 20 ಮಿಲಿಆಂಪ್ ಎಂದುಕೊಂಡರೂ ಎರಡು ವಾರಕ್ಕೆ 6.7 ಎಎಚ್. ದಸರಾ ರಜೆಗೆ ಲ್ಯಾಬಿಗೆ ಬೀಗ ಹಾಕಿ ಹೋದರೆ, ತಿರುಗಿ ಬರುವಷ್ಟರಲ್ಲಿ 7 ಎಎಚ್ ಬ್ಯಾಟರಿ ಬರಿದಾಗಿರುತ್ತದೆ. ಪೈ ಪವರ್-ಆಫ್ ಆದಾಗ ಒಂದು ಪಿನ್ನಿನ ಮೂಲಕ ರಿಲೇ ಬಿಡಿಸುವ ಓವರ್‌ಲೇ (ಕಾನ್ಫಿಗ್ ಕಡತದಲ್ಲಿ ಸೇರಿಸುವ ಸೆಟ್ಟಿಂಗು) ಇದೆ, ಅದನ್ನು ಬಳಸಿ. ಇಲ್ಲವೇ ರಜೆಗೆ ಮುಂಚೆ ಬ್ಯಾಟರಿಯ ಕನೆಕ್ಟರ್ ಕಿತ್ತಿಡಿ.

ಜೆಟ್ಸನ್‌ಗೂ ಇದೇ ಲೆಕ್ಕಾನಾ?

ಜೆಟ್ಸನ್ ಅಂದರೆ ಎನ್ವಿಡಿಯಾದ ಪುಟ್ಟ ಕಂಪ್ಯೂಟರ್ ಬೋರ್ಡುಗಳು. ಹಳೆಯ ಜೆಟ್ಸನ್ ನ್ಯಾನೊ ಕಿಟ್ ಪೈನಂತೆಯೇ: ದುಂಡು ಜ್ಯಾಕಿಗೆ 5 ವೋಲ್ಟ್ 4 ಆಂಪ್, ಜೊತೆಗೆ ಜೆ48 ಜಂಪರ್ ಹಾಕಬೇಕು. ಹಾಕದಿದ್ದರೆ ಮೈಕ್ರೋ ಯುಎಸ್‌ಬಿಯನ್ನೇ ಕಾಯುತ್ತಾ ಕೂರುತ್ತದೆ. ಓರಿನ್ ನ್ಯಾನೊ ಕಿಟ್ ಬೇರೆ ಜಾತಿ. 9ರಿಂದ 20 ವೋಲ್ಟ್‌ವರೆಗೆ ಒಪ್ಪುತ್ತದೆ, ಇಳಿಸುವ ಕನ್ವರ್ಟರ್ ಬೋರ್ಡಿನ ಮೇಲೇ ಇದೆ. ನಾಲ್ಕು ಸೆಲ್ ಲಿಥಿಯಂ ಐರನ್ ಫಾಸ್ಫೇಟಿನಿಂದ ಫ್ಯೂಸ್, ಟಿವಿಎಸ್, ಡಯೋಡ್ ಮೂಲಕ ನೇರವಾಗಿ ಕೊಡಬಹುದು. ಮೂರು ಸೆಲ್ ಲಿಥಿಯಂ ಅಯಾನ್ ಕೊನೆಯಲ್ಲಿ 9ರ ಅಂಚಿಗೆ ಬರುವುದರಿಂದ ಅಲ್ಲಿ 10ಕ್ಕೇ ನಿಲ್ಲಿಸಿ.

ಇ-ರಿಕ್ಷಾ ಬ್ಯಾಟರಿ 48 ವೋಲ್ಟಿಂದಿದೆ. ಅದ್ರಿಂದ 5 ವೋಲ್ಟ್ ತೆಗೀಬೋದಾ?

ಎಲ್‌ಎಂ2596ಕ್ಕೆ ಕೊಟ್ಟರೆ ಕೊಟ್ಟ ಕ್ಷಣವೇ ಹೋಗುತ್ತದೆ. ನಾಲ್ಕು ಲೆಡ್ ಆಸಿಡ್ ಸರಣಿ ಚಾರ್ಜ್ ಆಗುವಾಗ 57 ವೋಲ್ಟ್ ದಾಟುತ್ತದೆ. ಇ-ರಿಕ್ಷಾ ಬಿಡಿಭಾಗದ ಅಂಗಡಿಯಲ್ಲಿ ಹಾರ್ನ್, ಲೈಟಿಗೆಂದು 48ರಿಂದ 12 ವೋಲ್ಟಿಗೆ ಇಳಿಸುವ ಮುಚ್ಚಿದ ಕನ್ವರ್ಟರ್ ಸಿಗುತ್ತದೆ. ಧೂಳು, ಮಳೆ, ಅದುರಾಟ ತಡೆಯುವಂತೆ ಮಾಡಿದ್ದು. ಒಳಮಿತಿ 60ಕ್ಕಿಂತ ಹೆಚ್ಚಿದೆಯೇ ನೋಡಿ ತನ್ನಿ, ಅದರ 12ರಿಂದ ಎರಡನೇ ಬಕ್‌ನಲ್ಲಿ 5 ಮಾಡಿಕೊಳ್ಳಿ. ನಾಲ್ಕು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆಯುವ ಅಡ್ಡದಾರಿ ಬೇಡ. ಆ ಒಂದು ಬ್ಯಾಟರಿ ಯಾವಾಗಲೂ ಹಿಂದೆ ಬಿದ್ದು, ಕೊನೆಗೆ ಇಡೀ ಸರಣಿಯನ್ನು ಕೆಡಿಸುತ್ತದೆ.

ಕಂಪ್ಯೂಟರ್ ಆಫ್ ಮಾಡ್ದೇನೆ ಬ್ಯಾಟರಿ ಬದಲಾಯಿಸ್ಬೋದಾ?

ಬದಲಾಯಿಸಬಹುದು. ಎರಡು ಬ್ಯಾಟರಿ ಕನೆಕ್ಟರ್ ಇಟ್ಟು, ಪ್ರತಿಯೊಂದರ ಪ್ಲಸ್‌ನಿಂದ ಒಂದೊಂದು ಶಾಟ್‌ಕಿ ಡಯೋಡ್ ಹಾಕಿ, ಎರಡನ್ನೂ ಬಕ್‌ನ ಒಳಬಾಯಿಯಲ್ಲಿ ಸೇರಿಸಿ. ಯಾವುದರ ವೋಲ್ಟೇಜ್ ಹೆಚ್ಚೋ ಅದು ಕೊಡುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಿಯುವುದಿಲ್ಲ. ಹೊಸದನ್ನು ಸಿಕ್ಕಿಸಿ, ಹಳೆಯದನ್ನು ಕಿತ್ತುಕೊಳ್ಳಿ. ಡಯೋಡಿನಲ್ಲಿ ಅರ್ಧ ವೋಲ್ಟಿನಷ್ಟು ಹೋಗುತ್ತದೆ, 1.3 ಆಂಪಿಗೆ ಅದೇನೂ ಭಾರವಲ್ಲ. ದೊಡ್ಡ ಕರೆಂಟಿಗೆ ‘ಐಡಿಯಲ್ ಡಯೋಡ್’ ಎಂಬ ಮಾಸ್ಫೆಟ್ ಮಾಡ್ಯೂಲ್ ಸಿಗುತ್ತದೆ.

ಸಿಕ್ಕಿಸುವಾಗ ಬರುವ ಕಿಡಿಗೂ ಅರ್ಥವಿದೆ. ಬಕ್‌ನ ಒಳಬಾಯಿಯಲ್ಲಿ ಬರೀ ಸೆರಾಮಿಕ್ ಕೆಪಾಸಿಟರ್ ಇದ್ದು ವೈರು ಉದ್ದವಿದ್ದರೆ, ಸಿಕ್ಕಿಸಿದ ಕ್ಷಣ ವೋಲ್ಟೇಜ್ ಎರಡು ಪಟ್ಟಿನ ಹತ್ತಿರ ಚಿಮ್ಮಬಲ್ಲದು. 24 ವೋಲ್ಟಿನ ಬಂಡಿಗಳಲ್ಲಿ ಮೊದಲ ದಿನವೇ ಬಕ್ ಸಾಯುವುದಕ್ಕೆ ಇದೂ ಒಂದು ಕಾರಣ. ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದಿದ್ದರೆ ಅದರ ಒಳರೋಧವೇ ಆ ಚಿಮ್ಮುವಿಕೆಯನ್ನು ತಗ್ಗಿಸುತ್ತದೆ. 12 ವೋಲ್ಟಿಗೆ 35 ವೋಲ್ಟಿನದು, 24 ವೋಲ್ಟಿಗೆ 63 ವೋಲ್ಟಿನದು ಹಾಕಿ.